ಗಾಳಿಯನ್ನು ಅಳೆದು ಕೊಡುವ ಒಲೆ

ನಮ್ಮ ಮನೆಯಲ್ಲಿ ಇದ್ದಿಲು ಹೊತ್ತಿಸುವುದೆಂದರೆ ಬೀಸಣಿಕೆ ಹಿಡಿದು ಕೂರುವುದು ಎಂದೇ ಅರ್ಥವಿತ್ತು. ಕಬ್ಬಿಣದ ಶೇಗಡಿಯಲ್ಲಿ ಒಂದು ಹಿಡಿ ತೊಗರಿ ಕಟ್ಟಿಗೆಯನ್ನು ಮುರಿದು ಹಾಕಿ, ಅದರ ಮೇಲೆ ಇದ್ದಿಲು ಸುರಿದು, ನಾಲ್ಕು ಹನಿ ಚಿಮಣಿ ಎಣ್ಣೆ ಚಿಮುಕಿಸಿ ಕಡ್ಡಿ ಗೀರಿದ ಮೇಲೆ, ಹೊಗೆಗೆ ಕಣ್ಣಲ್ಲಿ ನೀರು ಬಂದರೂ ಬಿಡದೆ, ಕೆಂಡ ಕೆಂಪಗಾಗುವವರೆಗೆ ಬೀಸುತ್ತಲೇ ಇರಬೇಕಿತ್ತು. ನಾನು ಕೈ ನೋಯುತ್ತದೆಂದು ಬೀಸಣಿಕೆ ಕೆಳಗಿಟ್ಟರೆ ನಮ್ಮ ಆಯಿ, "ಗಾಳಿ ಹಾಕು ಯಪ್ಪಾ, ಗಾಳಿ ಇಲ್ಲಂದ್ರ ಇದ್ದಲಿ ಬರೀ ಕಲ್ಲು" ಎನ್ನುತ್ತಿದ್ದಳು. ಆ ಮಾತು ನನ್ನ ಕೈಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಮೂರು ವರ್ಷಗಳ ಹಿಂದೆ ಕಲಬುರಗಿಯ ನಮ್ಮ ಮನೆಯ ಮಾಳಿಗೆಗೆ ಒಂದು ಸೆರಾಮಿಕ್ ಬಾರ್ಬೆಕ್ಯೂ ಬಂದಾಗ ನಾನು ಮೊದಲು ಮಾಡಿದ ತಪ್ಪೂ ಅದರಿಂದಲೇ ಆಯಿತು.

ಒಲೆ ಬಂದದ್ದು ಹೈದರಾಬಾದಿನಿಂದ. ಅಕ್ಕ ಮತ್ತು ಮಾವ ಸ್ವಂತ ಮನೆ ಬಿಟ್ಟು ಅಪಾರ್ಟ್‌ಮೆಂಟಿಗೆ ಹೋಗುವಾಗ, ಬಾಲ್ಕನಿಯಲ್ಲಿ ಬೆಂಕಿ ಹಾಕಲು ಅಲ್ಲಿ ಒಪ್ಪಿಗೆ ಇಲ್ಲವೆಂದು, ಅದನ್ನು ಹಳೆಯ ಕಂಬಳಿಗಳಲ್ಲಿ ಸುತ್ತಿ ನಮಗೆ ಕಳಿಸಿದರು. ನೋಡಲು ದೊಡ್ಡ ಮೊಟ್ಟೆಯ ಆಕಾರ, ಹೆಬ್ಬೆರಳಿನ ಅಗಲದಷ್ಟು ದಪ್ಪದ ಗೋಡೆ, ಮಾಳಿಗೆಗೆ ಏರಿಸಲು ನಾಲ್ಕು ಜನ ಬೇಕಾದರು. ಕೆಳಗೆ ಜಾರುವ ಬಾಗಿಲಿನ ಒಂದು ಗಾಳಿಕಿಂಡಿ, ಮುಚ್ಚಳದ ನೆತ್ತಿಯಲ್ಲಿ ತಿರುಗಿಸಿ ತೆರೆಯುವ ಇನ್ನೊಂದು ಕಿಂಡಿ, ಒಳಗೆ ತೂತುಗಳಿರುವ ಕೆಂಡದ ಗೂಡು, ಅದರ ತಳಕ್ಕೆ ಎರಕದ ಕಬ್ಬಿಣದ ಜಾಲರಿ, ಮೇಲೆ ಅಡುಗೆಯ ಜಾಲರಿ, ಮುಚ್ಚಳದ ಅಂಚಿಗೆ ಗಾಳಿ ನುಸುಳದಂತೆ ಅಂಟಿಸಿದ ಫೆಲ್ಟ್ ಪಟ್ಟಿ. ಇಷ್ಟೇ ಅದರ ಯಂತ್ರ. ಇದನ್ನು ಕಮಾಡೊ ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಒಲೆ ಎಂದೇ ಅರ್ಥ. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿದ್ದ ಅಮೆರಿಕದ ಸೈನಿಕರು ಅಲ್ಲಿನ ಮಣ್ಣಿನ ಒಲೆಗಳನ್ನು ತಮ್ಮೂರಿಗೆ ಒಯ್ದರು. 1974ರಲ್ಲಿ ಅಟ್ಲಾಂಟಾದಲ್ಲಿ ಎಡ್ ಫಿಶರ್ ಅವರು ಬಿಗ್ ಗ್ರೀನ್ ಎಗ್ ಕಂಪನಿ ಆರಂಭಿಸಿದ ಮೇಲೆ, ಮಣ್ಣಿನ ಬದಲು ಸುಲಭವಾಗಿ ಬಿರುಕು ಬಿಡದ ಸೆರಾಮಿಕ್‌ನಲ್ಲಿ ಮಾಡಿದ ಇಂಥ ಒಲೆಗಳು ಜಗತ್ತಿನಲ್ಲೆಲ್ಲ ಹರಡಿದವು. ನಮ್ಮೂರಿನ ಹೋಟೆಲುಗಳ ತಂದೂರಿಗೂ ಇದಕ್ಕೂ ಹತ್ತಿರದ ನಂಟಿದೆ. ಎರಡರಲ್ಲಿಯೂ ಬೇಯಿಸುವುದು ಕೆಂಡವೊಂದೇ ಅಲ್ಲ, ಕಾದ ಗೋಡೆಯೂ ಬೇಯಿಸುತ್ತದೆ.

ಮೊದಲ ಭಾನುವಾರ ನನಗಿದ್ದ ಆಸೆ ದೊಡ್ಡದು. ಮೇಕೆಯ ಒಂದು ಮುಂಗಾಲನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದಾರು ಗಂಟೆ ನಿಧಾನವಾಗಿ ಬೇಯಿಸಿ, ಎಲುಬು ಕೈಯಲ್ಲೇ ಕಳಚಿ ಬರುವಂತೆ ಮಾಡಬೇಕೆಂದಿದ್ದೆ. ಗೂಡಿನ ತುಂಬ ಇದ್ದಿಲು ಸುರಿದು ನಾಲ್ಕು ಕಡೆ ಬೆಂಕಿ ಹಚ್ಚಿದೆ, ಎರಡೂ ಕಿಂಡಿಗಳನ್ನು ಪೂರ್ತಿ ತೆರೆದೆ, ಸಾಲದೆಂದು ಕೆಳಗಿನ ಕಿಂಡಿಯ ಬಾಯಿಗೆ ಕೂತು ಬೀಸಣಿಕೆಯಿಂದ ಬೀಸಿದೆ. ಮುಚ್ಚಳ ಹಾಕಿ ಕೆಳಗೆ ಹೋಗಿ ಮಾಂಸಕ್ಕೆ ಮಸಾಲೆ ಸವರಿ ಮೇಲೆ ಬರುವಷ್ಟರಲ್ಲಿ ಮುಚ್ಚಳದ ಥರ್ಮಾಮೀಟರಿನ ಮುಳ್ಳು 290 ದಾಟಿತ್ತು. ಗಾಬರಿಯಿಂದ ಎರಡೂ ಕಿಂಡಿಗಳನ್ನು ಮುಚ್ಚಿದೆ. ಅರ್ಧ ಗಂಟೆಯಾದರೂ ಮುಳ್ಳು 230ರಿಂದ ಕೆಳಗೆ ಬರಲಿಲ್ಲ. ಹಸಿದ ಮಕ್ಕಳು ಕೆಳಗಿನಿಂದ ಕೂಗುತ್ತಿದ್ದರು. ಇನ್ನು ಕಾಯಲಾಗದೆ ಮಾಂಸವನ್ನು ಒಳಗಿಟ್ಟೆ. ಹೊರಗೆ ಕಪ್ಪಗೆ ಸೀದು ಒಳಗೆ ರಬ್ಬರಿನಂತಾದ ಆ ಮುಂಗಾಲನ್ನು ಕೊನೆಗೆ ಕುಕ್ಕರಿಗೆ ಹಾಕಿ ಸಾರು ಮಾಡಬೇಕಾಯಿತು.

ತಪ್ಪು ಎಲ್ಲಾಯಿತೆಂದು ತಿಳಿಯಲು ನನಗೆ ಕೆಲವು ವಾರಗಳೇ ಬೇಕಾದವು. ಶೇಗಡಿ ತೆರೆದ ಒಲೆ. ಅದರ ಕೆಂಡ ತನ್ನ ಶಾಖದ ಹೆಚ್ಚಿನ ಪಾಲನ್ನು ಸುತ್ತಲಿನ ಬಯಲಿಗೆ ಚೆಲ್ಲುತ್ತದೆ. ಆದ್ದರಿಂದಲೇ ನಾವು ಬೀಸಿ ಬೀಸಿ ಆ ನಷ್ಟವನ್ನು ತುಂಬಿಕೊಡಬೇಕು, ಕೈ ನಿಲ್ಲಿಸಿದೊಡನೆ ಅದು ಮಂಕಾಗುತ್ತದೆ. ಸೆರಾಮಿಕ್ ಒಲೆಯಲ್ಲಿ ಶಾಖ ಹೊರಗೆ ಹೋಗುವುದು ಬಹಳ ಕಡಿಮೆ. ಗೋಡೆ ನಿಧಾನವಾಗಿ ಕಾಯುತ್ತದೆ, ಕಾದುದನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಂಡು ಒಳಮುಖವಾಗಿ ಸೂಸುತ್ತದೆ. ಒಂದು ಕಿಲೋ ಒಳ್ಳೆಯ ಇದ್ದಿಲಿನಲ್ಲಿ ಸುಮಾರು 30 ಮೆಗಾಜೂಲ್ ಶಾಖವಿರುತ್ತದೆ, ಅಂದರೆ ಒಣ ಕಟ್ಟಿಗೆಯಲ್ಲಿರುವುದರ ಹೆಚ್ಚುಕಡಿಮೆ ಎರಡರಷ್ಟು. ಅಷ್ಟು ಶಾಖವನ್ನು ಮುಚ್ಚಿದ ಗೂಡಿನಲ್ಲಿ ಒಮ್ಮೆಲೇ ಬಿಟ್ಟುಕೊಟ್ಟರೆ ಗೋಡೆಯೇ ಕೆಂಡವಾಗುತ್ತದೆ, ಮತ್ತು ಆಮೇಲೆ ಬೆಂಕಿಯನ್ನು ಎಷ್ಟು ಅದುಮಿದರೂ ಗೋಡೆ ತಣಿಯುವವರೆಗೆ ಮುಳ್ಳು ಇಳಿಯುವುದಿಲ್ಲ. ಹೀಗಾಗಿ ಈ ಒಲೆಯಲ್ಲಿ ತಾಪವನ್ನು ಕೆಳಗಿನಿಂದ ಮೆಲ್ಲನೆ ಮೇಲಕ್ಕೆ ಕರೆದುಕೊಂಡು ಹೋಗಬೇಕೇ ಹೊರತು, ಮೇಲೆ ಹಾರಿಸಿ ಆಮೇಲೆ ಕೆಳಗೆ ಎಳೆಯಲು ನೋಡಬಾರದು.

ಗಾಳಿಯ ಲೆಕ್ಕವೂ ಇಲ್ಲಿ ಬೇರೆ. ಬಿಸಿಯಾದ ಹೊಗೆ ಮೇಲಿನ ಕಿಂಡಿಯಿಂದ ಹೊರಗೆ ಹೋಗುವಾಗ ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ಗಾಳಿ ತಾನಾಗಿಯೇ ಎಳೆದುಕೊಂಡು ಬರುತ್ತದೆ. ಇದ್ದಿಲು ಎಷ್ಟೇ ಇರಲಿ, ಒಳಗೆ ಬಂದ ಗಾಳಿಯಲ್ಲಿ ಎಷ್ಟು ಆಮ್ಲಜನಕವಿದೆಯೋ ಅಷ್ಟೇ ಉರಿಯಲು ಸಾಧ್ಯ. ಇದು ಅರ್ಥವಾದ ದಿನ ನನಗೆ ಆಯಿಯ ಇನ್ನೊಂದು ಕೆಲಸ ನೆನಪಾಯಿತು. ರಾತ್ರಿ ಅಡುಗೆ ಮುಗಿದ ಮೇಲೆ ಅವಳು ಒಲೆಯಲ್ಲಿದ್ದ ದಪ್ಪ ಕೆಂಡಗಳನ್ನು ಒಂದು ಮೂಲೆಗೆ ಸರಿಸಿ, ಅವುಗಳ ಮೇಲೆ ಬೂದಿಯನ್ನು ಗುಡ್ಡೆ ಹಾಕಿ, ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿದರೆ ಒಳಗೆ ಕಡಲೆಕಾಳಿನಷ್ಟಾದರೂ ಕೆಂಪು ಉಳಿದಿರುತ್ತಿತ್ತು. ಅದಕ್ಕೆ ಒಂದು ಚೂರು ಕುಳ್ಳು ತಾಗಿಸಿ ಊದುಗೊಳವೆಯಿಂದ ಎರಡು ಸಲ ಊದಿದರೆ ಚಹಾದ ಒಲೆ ಹೊತ್ತಿಕೊಳ್ಳುತ್ತಿತ್ತು. ಕಡ್ಡಿಪೆಟ್ಟಿಗೆಯ ಖರ್ಚೂ ಇಲ್ಲ. ಕೆಂಡ ಸಾಯದಷ್ಟು, ಆದರೆ ಉರಿದು ಮುಗಿಯದಷ್ಟು ಗಾಳಿಯನ್ನು ಬೂದಿಯ ಪದರ ಒಳಗೆ ಬಿಡುತ್ತಿತ್ತು. ಕಮಾಡೊದ ಎರಡು ಕಿಂಡಿಗಳು ಮಾಡುವ ಕೆಲಸ ಅದೇ. ಬೀಸಣಿಕೆ ಹಿಡಿದ ಆಯಿಯನ್ನು ನಾನು ನೆನಪಿಟ್ಟುಕೊಂಡಿದ್ದೆ. ಈ ಒಲೆಗೆ ಬೇಕಾದವಳು ಬೂದಿ ಮುಚ್ಚುತ್ತಿದ್ದ ಆಯಿ.

ಇನ್ನು ಇದ್ದಿಲಿನ ವಿಚಾರ. ಇಸ್ತ್ರಿ ಅಂಗಡಿಗಳಿಗೆ ಮಾರುವ ಪುಡಿ ಇದ್ದಿಲು ಈ ಒಲೆಗೆ ಆಗುವುದಿಲ್ಲ, ಚೂರುಗಳು ಒಂದಕ್ಕೊಂದು ಒತ್ತಿ ಕೂತು ಗಾಳಿಯ ದಾರಿಯನ್ನು ಕಟ್ಟಿಬಿಡುತ್ತವೆ. ಅಚ್ಚಿನಲ್ಲಿ ಒತ್ತಿದ ಇದ್ದಿಲಿನ ಇಟ್ಟಿಗೆಗಳನ್ನೂ ನಾನು ಬಳಸುವುದಿಲ್ಲ. ಅವುಗಳಲ್ಲಿ ಅಂಟಿಗೆಂದು ಬೆರೆಸಿದ ಪದಾರ್ಥಗಳಿರುತ್ತವೆ, ಬೂದಿ ಬಹಳ ಬರುತ್ತದೆ, ಆ ಬೂದಿ ಗೂಡಿನ ತೂತುಗಳನ್ನು ಮುಚ್ಚಿ ನಾಲ್ಕನೆಯ ಗಂಟೆಯಲ್ಲಿ ಬೆಂಕಿಯನ್ನು ಉಸಿರು ಕಟ್ಟಿಸುತ್ತದೆ. ಬೇಕಾದದ್ದು ಮರದ ಆಕಾರ ಇನ್ನೂ ಉಳಿದಿರುವ ಗಟ್ಟಿ ತುಂಡಿನ ಇದ್ದಿಲು. ನಮ್ಮ ಭಾಗದಲ್ಲಿ ಅದು ಹೆಚ್ಚಾಗಿ ಬಳ್ಳಾರಿ ಜಾಲಿಯದು, ಅಂದರೆ ಪ್ರೊಸೊಪಿಸ್ ಜೂಲಿಫ್ಲೋರಾ. ಅಮೆರಿಕ ಖಂಡದಿಂದ ಬಂದು ನಮ್ಮ ಹಳ್ಳದ ದಂಡೆ, ಕೆರೆಯಂಗಳ, ರೈಲು ಹಳಿಯ ಪಕ್ಕದ ಬಯಲುಗಳನ್ನೆಲ್ಲ ಆಕ್ರಮಿಸಿದ ಈ ಗಿಡದ ಬಗ್ಗೆ ರೈತರಿಗೆ ಒಳ್ಳೆಯ ಮಾತಿಲ್ಲ, ಆದರೆ ಇದರ ಇದ್ದಿಲು ಮಾತ್ರ ಭಾರವಾದದ್ದು, ದೀರ್ಘಕಾಲ ಉರಿಯುವಂಥದ್ದು. ಚೀಲ ಬಿಚ್ಚಿದಾಗ ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ ನೋಡುತ್ತೇನೆ. ಸರಿಯಾಗಿ ಸುಟ್ಟ ಇದ್ದಿಲು ಮಡಕೆಯ ಚೂರಿನಂತೆ ಠಣ್ ಎನ್ನುತ್ತದೆ. ಮಂದ ಸದ್ದು ಬಂದರೆ, ಅಥವಾ ಮುರಿದ ಕಡೆ ಕಂದು ಬಣ್ಣ ಕಂಡರೆ, ಅದು ಅರೆಬೆಂದ ಕಟ್ಟಿಗೆ. ಅದನ್ನು ಹಾಕಿದರೆ ಒಂದು ಗಂಟೆಯ ಕಾಲ ಕಣ್ಣು ಉರಿಸುವ ಹೊಗೆ ಬಂದು ಅಡುಗೆಗೆ ಕಹಿ ಹತ್ತುತ್ತದೆ. ಅಂಥ ತುಂಡುಗಳನ್ನು ಆರಿಸಿ ನೀರು ಕಾಯಿಸುವ ಒಲೆಗೆ ಎತ್ತಿಡುತ್ತೇನೆ. ಮಳೆಗಾಲದಲ್ಲಿ ಇದ್ದಿಲು ಗಾಳಿಯ ತೇವವನ್ನು ಹೀರಿ, ಹೊತ್ತಿಸುವಾಗ ಚಟಪಟನೆ ಸಿಡಿಯುತ್ತದೆ. ಆದ್ದರಿಂದ ಚೀಲ ತಂದ ದಿನವೇ ಬಾಯಿ ಭದ್ರವಾದ ತಗಡಿನ ಡಬ್ಬಿಗೆ ಸುರಿದುಬಿಡಬೇಕು.

ಗೂಡು ತುಂಬುವ ಮೊದಲು ಹಳೆಯ ಬೂದಿಯನ್ನು ಪೂರ್ತಿ ತೆಗೆಯಬೇಕು, ತಳದ ಜಾಲರಿಯ ತೂತುಗಳು ಕಣ್ಣಿಗೆ ಕಾಣುವಂತಿರಬೇಕು. ದೊಡ್ಡ ತುಂಡುಗಳು ಕೆಳಗೆ, ಮಧ್ಯಮದವು ಅವುಗಳ ಮೇಲೆ, ಸಣ್ಣವು ಸಂದುಗಳಲ್ಲಿ ಮತ್ತು ತುದಿಯಲ್ಲಿ. ಸುರಿಯುವುದಕ್ಕಿಂತ ಕೈಯಿಂದ ಜೋಡಿಸುವುದೇ ಒಳ್ಳೆಯದು. ಐದು ನಿಮಿಷದ ಈ ಕೆಲಸ ಮುಂದಿನ ಐದು ಗಂಟೆಗಳ ಚಿಂತೆಯನ್ನು ಕಡಿಮೆ ಮಾಡುತ್ತದೆ. ಕಡಿಮೆ ತಾಪಕ್ಕೆ ಕಡಿಮೆ ಇದ್ದಿಲು ಸಾಕೆಂದು ಮೊದಲು ನಾನು ಭಾವಿಸಿದ್ದೆ, ಅದು ಸರಿಯಲ್ಲ. ತಾಪವನ್ನು ನಿರ್ಧರಿಸುವುದು ಗಾಳಿ, ಇದ್ದಿಲಿನ ರಾಶಿ ನಿರ್ಧರಿಸುವುದು ಬೆಂಕಿ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಮಾತ್ರ. ನಮ್ಮ ಒಲೆಗೆ ಸುಮಾರು 3 ಕಿಲೋ ಹಿಡಿಸುತ್ತದೆ. 120 ಡಿಗ್ರಿಯಲ್ಲಿ ಆರು ಗಂಟೆ ಬೇಯಿಸಿದ ಮೇಲೂ ಅರ್ಧದಷ್ಟು ಉಳಿದಿರುತ್ತದೆ.

ಹೊತ್ತಿಸುವುದಕ್ಕೆ ಚಿಮಣಿ ಎಣ್ಣೆಯನ್ನಾಗಲಿ, ಬಾಟಲಿಯಲ್ಲಿ ಮಾರುವ ದ್ರವಗಳನ್ನಾಗಲಿ ಈ ಒಲೆಯ ಹತ್ತಿರ ತರಲೇಬಾರದು. ಶೇಗಡಿ ಕಬ್ಬಿಣದ್ದು, ಎಣ್ಣೆ ಉರಿದು ಹೋಗುತ್ತದೆ. ಸೆರಾಮಿಕ್‌ನ ಒಳಮೈಗೆ ಸಣ್ಣ ರಂಧ್ರಗಳಿವೆ, ಅವು ಎಣ್ಣೆಯನ್ನು ಹೀರಿಟ್ಟುಕೊಂಡು ಮುಂದೆ ಎಷ್ಟೋ ಸಲ ಕಾದಾಗಲೆಲ್ಲ ಅದೇ ನಾತವನ್ನು ಬಿಡುತ್ತವೆ. ನಾನು ಬಳಸುವುದು ದೇವರ ಮನೆಯ ಹತ್ತಿ. ನಿಂಬೆಹಣ್ಣಿನಷ್ಟು ಹತ್ತಿಯನ್ನು ಸಡಿಲವಾಗಿ ಉಂಡೆ ಮಾಡಿ, ಅದರ ಒಂದು ಎಳೆಯನ್ನು ಬತ್ತಿಯಂತೆ ಹೊರಗೆ ಎಳೆದು, ಕುಸುಬೆ ಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಹಿಂಡುತ್ತೇನೆ. ಎಳೆಯ ತುದಿಗೆ ಮಾತ್ರ ಎಣ್ಣೆ ತಾಗಿಸುವುದಿಲ್ಲ, ಒಣ ತುದಿ ಬೇಗ ಬೆಂಕಿ ಹಿಡಿಯುತ್ತದೆ. ಇದ್ದಿಲಿನ ರಾಶಿಯ ನಡುವೆ ಮುಷ್ಟಿಯಷ್ಟು ಕುಳಿ ಮಾಡಿ, ಉಂಡೆಯನ್ನಿಟ್ಟು, ಅದರ ಸುತ್ತ ಬೆರಳುದ್ದದ ತೊಗರಿ ಕಟ್ಟಿಗೆಯ ನಾಲ್ಕೈದು ಚೂರುಗಳನ್ನು ಗುಡಿಸಲಿನಂತೆ ನಿಲ್ಲಿಸಿ ಕಡ್ಡಿ ತಾಗಿಸಿದರೆ, ದೀಪದಂಥ ಹಳದಿ ಜ್ವಾಲೆ ಏಳೆಂಟು ನಿಮಿಷ ಒಂದೇ ಸಮನೆ ನಿಲ್ಲುತ್ತದೆ. ಮೊದಲು ತೊಗರಿ ಕಟ್ಟಿಗೆ ಹಿಡಿಯುತ್ತದೆ, ಆಮೇಲೆ ಇದ್ದಿಲಿನ ಸಣ್ಣ ಚೂರುಗಳ ಅಂಚಿನಲ್ಲಿ ಸೂಜಿಮೊನೆಯಷ್ಟು ಕೆಂಪು ಕಾಣುತ್ತದೆ. ಹೊಲದಲ್ಲಿ ತೊಗರಿ ಬಡಿದ ಮೇಲೆ ಉಳಿಯುವ ಈ ಕಟ್ಟಿಗೆ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಟೊಳ್ಳಲ್ಲ, ಜಿಡ್ಡಿಲ್ಲ, ವಾಸನೆ ಇಲ್ಲ. ದುಡ್ಡು ಕೊಟ್ಟು ತರಿಸುವ ಯಾವ ಸಾಧನವೂ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದನ್ನು ನಾನು ಕಂಡಿಲ್ಲ.

ನಿಧಾನದ ಅಡುಗೆಗೆ ಹೀಗೆ ಒಂದೇ ಕಡೆ ಹಚ್ಚಬೇಕು. ಬೆಂಕಿ ನಡುವಿನಿಂದ ಸುತ್ತಲಿಗೆ ತಾನಾಗಿಯೇ ಗಂಟೆಗಳ ಕಾಲ ಹರಡಿಕೊಳ್ಳುತ್ತದೆ. ರೊಟ್ಟಿ, ನಾನ್, ಸುಡುವ ಬದನೆಕಾಯಿಗಳಿಗೆ ಹೆಚ್ಚು ತಾಪ ಬೇಕಾದಾಗ ಮೂರು ಕಡೆ ಹಚ್ಚುತ್ತೇನೆ. ಕಡ್ಡಿ ತಾಗಿಸಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆರೆದಿರಬೇಕು, ಕೆಳಗಿನ ಕಿಂಡಿ ಪೂರ್ತಿ ತೆರೆದಿರಬೇಕು. ಈ ಹತ್ತು ನಿಮಿಷ ಒಲೆಯನ್ನು ಬಿಟ್ಟು ಎಲ್ಲಿಗೂ ಹೋಗಬಾರದು ಎಂಬುದು ನಾನು ಮೊದಲ ಭಾನುವಾರದಿಂದ ಕಲಿತ ಪಾಠ.

ಮುಚ್ಚಳ ಹಾಕಿದ ಮೇಲೆ ನೋಡಬೇಕಾದದ್ದು ಹೊಗೆಯನ್ನು. ಮೊದಲು ಬರುವುದು ಬೆಳ್ಳಗಿನ ದಟ್ಟ ಹೊಗೆ, ಮೂಗಿಗೆ ಖಾರ, ಬಾಯಿಗೆ ಕಹಿ. ಇದ್ದಿಲಿನಲ್ಲಿ ಉಳಿದ ತೇವ ಮತ್ತು ಸರಿಯಾಗಿ ಸುಡದೆ ಉಳಿದ ಮರದ ಅಂಶಗಳು ಹೋಗುವ ಹೊತ್ತದು. ಆ ಹೊಗೆಯಲ್ಲಿ ಆಹಾರವನ್ನು ಇಡಲೇಬಾರದು. ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಹೊಗೆ ತೆಳುವಾಗುತ್ತದೆ, ಬಿಸಿಲಿಗೆ ಎದುರಾಗಿ ನೋಡಿದರೆ ನಸುನೀಲಿಯಾಗಿ ಕಾಣುತ್ತದೆ, ಆಮೇಲೆ ಕಿಂಡಿಯ ಮೇಲೆ ಗಾಳಿ ನಡುಗುವುದಷ್ಟೇ ಕಾಣುತ್ತದೆ. ಕಿಂಡಿಯಿಂದ ಒಂದು ಮೊಳ ಮೇಲೆ ಕೈ ಬೀಸಿ ಆ ಕೈಯನ್ನು ಮೂಸಿದಾಗ ಹಸನಾದ ಬಿಸಿ ಮಾತ್ರ ಹತ್ತಿದರೆ ಒಲೆ ತಯಾರಾಗಿದೆ ಎಂದು ನಾನು ತಿಳಿಯುತ್ತೇನೆ. ಥರ್ಮಾಮೀಟರಿಗಿಂತ ಮೂಗನ್ನೇ ನಾನು ಹೆಚ್ಚು ನಂಬುವುದು ಈ ಒಂದು ಹಂತದಲ್ಲಿ.

ಕಿಂಡಿಗಳನ್ನು ಕಿರಿದು ಮಾಡುವುದು ಬೇಕಾದ ತಾಪಕ್ಕೆ ಇನ್ನೂ 30 ಡಿಗ್ರಿ ಇರುವಾಗಲೇ ಆರಂಭವಾಗಬೇಕು. 120 ಬೇಕಿದ್ದರೆ ಮುಳ್ಳು 90 ತಲುಪಿದೊಡನೆ ಕೆಳಗಿನ ಬಾಗಿಲನ್ನು ಅರ್ಧಕ್ಕೆ ತರುತ್ತೇನೆ, 105ಕ್ಕೆ ಬಂದಾಗ ಒಂದು ಕಿರುಬೆರಳಿನ ಅಗಲಕ್ಕೆ, ಮೇಲಿನ ಕಿಂಡಿಯನ್ನು ತೊಗರಿಕಾಳು ಹಾದುಹೋಗುವಷ್ಟು ಸಂದಿಗೆ. ಒಂದು ಬದಲಾವಣೆ ಮಾಡಿದ ಮೇಲೆ ಹದಿನೈದು ನಿಮಿಷ ಕೈ ಕಟ್ಟಿ ಕೂರಬೇಕು, ಏಕೆಂದರೆ ಗಾಳಿ ಬದಲಾದದ್ದು ಕೆಂಡಕ್ಕೆ ತಿಳಿದು, ಕೆಂಡದ ಸುದ್ದಿ ಗೋಡೆಗೆ ಮುಟ್ಟಿ, ಗೋಡೆಯಿಂದ ಮುಳ್ಳಿಗೆ ಬರಲು ಅಷ್ಟು ಹೊತ್ತು ಹಿಡಿಯುತ್ತದೆ. ಆ ಹದಿನೈದು ನಿಮಿಷದಲ್ಲಿ ತಾಳ್ಮೆ ತಪ್ಪಿ ಮತ್ತೊಮ್ಮೆ ಕಿಂಡಿ ಮುಟ್ಟಿದರೆ, ಎರಡು ಬದಲಾವಣೆಗಳೂ ಕೂಡಿ ಬಂದು ಮುಳ್ಳು ಒಮ್ಮೆ ಮೇಲೆ ಒಮ್ಮೆ ಕೆಳಗೆ ತೂಗಾಡತೊಡಗುತ್ತದೆ. ಹಚ್ಚಿದಾಗಿನಿಂದ ಸುಮಾರು ಮುಕ್ಕಾಲು ಗಂಟೆಯಲ್ಲಿ ಮುಳ್ಳು ಒಂದೆಡೆ ನೆಲೆಗೊಂಡರೆ, ಆಮೇಲೆ ಎರಡು ಗಂಟೆ ಅದನ್ನು ಮುಟ್ಟುವ ಕೆಲಸವೇ ಇರುವುದಿಲ್ಲ. 5 ಡಿಗ್ರಿ ಹೆಚ್ಚುಕಡಿಮೆಯಾದರೆ ನಾನು ಈಗ ತಲೆ ಕೆಡಿಸಿಕೊಳ್ಳುವುದಿಲ್ಲ.

ಥರ್ಮಾಮೀಟರನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಅಗತ್ಯ. ಮುಚ್ಚಳದಿಂದ ಬಿಚ್ಚಿ ಅದರ ಕಡ್ಡಿಯನ್ನು ಕುದಿಯುವ ನೀರಿನಲ್ಲಿ ಹಿಡಿದರೆ, ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ನಮ್ಮ ಕಲಬುರಗಿಯಲ್ಲಿ 98ರಿಂದ 99 ತೋರಿಸಬೇಕು. ಬೀದರ್ ಇನ್ನೂ ಎತ್ತರದಲ್ಲಿರುವುದರಿಂದ ಅಲ್ಲಿ ಅದು 98ಕ್ಕಿಂತ ತುಸು ಕಡಿಮೆ ಇರುತ್ತದೆ. ನನ್ನದು 107 ತೋರಿಸಿತ್ತು. ಹಿಂಬದಿಯ ನಟ್ಟನ್ನು ತಿರುಗಿಸಿ ಸರಿಮಾಡಿಕೊಂಡೆ.

ನಮ್ಮ ಹವೆಯೂ ಈ ಲೆಕ್ಕದಲ್ಲಿ ಸೇರುತ್ತದೆ. ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲಿಗೆ ಮಧ್ಯಾಹ್ನವೆಲ್ಲ ಕಾದು ನಿಂತ ಒಲೆಯ ಗೋಡೆ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ, ಇದ್ದಿಲು ಕಡಲೆಸಿಪ್ಪೆಯಂತೆ ಒಣಗಿರುತ್ತದೆ. ಆಗ ಎಲ್ಲವೂ ಬೇಗ ನಡೆಯುತ್ತದೆ, ಕಿಂಡಿಗಳನ್ನು ಇನ್ನೂ ಮೊದಲೇ ಕಿರಿದು ಮಾಡಬೇಕು. ಆಷಾಢದ ಗಾಳಿ ಬೇರೆಯದೇ ಕಷ್ಟ. ನೈರುತ್ಯದಿಂದ ಬೀಸುವ ಆ ಗಾಳಿ ಕೆಳಗಿನ ಕಿಂಡಿಯೊಳಗೆ ನೇರವಾಗಿ ನುಗ್ಗಿದರೆ ನಾನು ಬೀಸಣಿಕೆ ಹಿಡಿದು ಕೂತಂತೆಯೇ ಆಗುತ್ತದೆ. ಒಲೆಯನ್ನು ಕಿಂಡಿ ಈಶಾನ್ಯಕ್ಕೆ ಬರುವಂತೆ ತಿರುಗಿಸಿಟ್ಟ ಮೇಲೆ ಮುಳ್ಳಿನ ಓಡಾಟ ನಿಂತಿತು. ಮಳೆ ಶುರುವಾದರೆ ಕಾದ ಒಲೆಯ ಮೇಲೆ ನೀರು ಬೀಳದಂತೆ ನೋಡಿಕೊಳ್ಳಬೇಕು, ಮತ್ತು ಬೆಂಕಿ ಹೆಚ್ಚಾಯಿತೆಂದು ಒಳಗೆ ನೀರು ಚಿಮುಕಿಸುವುದಂತೂ ಎಂದೂ ಕೂಡದು. ಸೆರಾಮಿಕ್ ಬಹಳ ಬಿಸಿಯನ್ನು ತಾಳುತ್ತದೆ, ಬಿಸಿಯ ಮೇಲೆ ಹಠಾತ್ತನೆ ಬಿದ್ದ ತಂಪನ್ನು ತಾಳುವುದಿಲ್ಲ.

ಈಗ ಎಚ್ಚರಿಕೆಯ ಮಾತು, ಇದನ್ನು ದಯವಿಟ್ಟು ಯಾರೂ ಓದದೆ ದಾಟಬಾರದು. ಕಳೆದ ವರ್ಷ ನಾನ್ ಸುಡಲೆಂದು ಒಲೆಯನ್ನು 320ಕ್ಕೆ ಏರಿಸಿದ್ದೆ. ಹಿಟ್ಟು ಇನ್ನೂ ಹದಕ್ಕೆ ಬಂದಿಲ್ಲವೆಂದು ಮನೆಯವರು ಹೇಳಿದ್ದರಿಂದ, ಇದ್ದಿಲು ಸುಮ್ಮನೆ ಉರಿಯುವುದು ಬೇಡವೆಂದು ಎರಡೂ ಕಿಂಡಿಗಳನ್ನು ಹತ್ತು ನಿಮಿಷ ಮುಚ್ಚಿಟ್ಟೆ. ಹಿಟ್ಟು ಬಂದ ಕೂಡಲೇ ಮುಚ್ಚಳದ ಹಿಡಿ ಹಿಡಿದು ಒಂದೇ ಸಲಕ್ಕೆ ಮೇಲೆತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ, ಒಳಗೆ ಕೆಂಡ ಕಪ್ಪಾಗಿಯೇ ಕಂಡಿತು. ಮರುಕ್ಷಣದಲ್ಲಿ ಬಟ್ಟೆ ಝಾಡಿಸಿದಂಥ ಸದ್ದಿನೊಂದಿಗೆ ಕಿತ್ತಳೆ ಬಣ್ಣದ ಜ್ವಾಲೆಯೊಂದು ಅಂಚಿನಿಂದ ಹೊರಗೆ ಚಾಚಿ, ನನ್ನ ಬಲಗೈಯನ್ನು ಮೊಣಕೈವರೆಗೆ ಸವರಿ ಒಳಗೆ ಹೋಯಿತು. ಚರ್ಮ ಸುಡಲಿಲ್ಲ, ಕೈಯ ಕೂದಲೆಲ್ಲ ಸುರುಟಿ ಕರಕಾಗಿದ್ದವು, ಎಡಹುಬ್ಬಿನ ತುದಿಯೂ ಹೋಗಿತ್ತು. ಹಿಂದೆ ನಿಂತಿದ್ದ ನನ್ನ ಮಗಳು ಒಂದು ಹೆಜ್ಜೆ ಮುಂದಿದ್ದರೆ ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕಾರಣ ಸರಳವಾದದ್ದು. ಬಿಸಿ ಕೆಂಡಕ್ಕೆ ಗಾಳಿ ಸಾಲದೆ ಹೋದಾಗ ಅದು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಮತ್ತಿತರ ಉರಿಯಬಲ್ಲ ಅನಿಲಗಳನ್ನು ಬಿಡುತ್ತದೆ, ಅವು ಮುಚ್ಚಿದ ಒಲೆಯೊಳಗೆ ತುಂಬಿಕೊಂಡಿರುತ್ತವೆ, ಮುಚ್ಚಳ ತೆರೆದೊಡನೆ ಗಾಳಿ ಸಿಕ್ಕು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಆದ್ದರಿಂದ ತೆರೆಯುವ ಮೊದಲು ಮೇಲಿನ ಮತ್ತು ಕೆಳಗಿನ ಕಿಂಡಿಗಳನ್ನು ತೆರೆದು ಅರ್ಧ ನಿಮಿಷ ಬಿಡಬೇಕು. ಆಮೇಲೆ ಪಕ್ಕಕ್ಕೆ ನಿಂತು, ದಪ್ಪ ಕೈಗವಸು ಹಾಕಿಕೊಂಡು, ಮುಚ್ಚಳವನ್ನು ಎರಡು ಬೆರಳಿನಷ್ಟು ಮಾತ್ರ ಎತ್ತಿ, ಮೂರು ನಾಲ್ಕು ಉಸಿರಿನಷ್ಟು ಹೊತ್ತು ಹಾಗೆಯೇ ಹಿಡಿದು, ನಂತರವೇ ಪೂರ್ತಿ ತೆರೆಯಬೇಕು. ನಮ್ಮ ಮನೆಯಲ್ಲಿ ಈಗ ಮಕ್ಕಳು ನಿಲ್ಲಬೇಕಾದ ಗೆರೆಯನ್ನು ಮಾಳಿಗೆಯ ನೆಲದ ಮೇಲೆ ಸುಣ್ಣದಿಂದ ಎಳೆದಿದ್ದೇನೆ.

ಅದೇ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದು ಅಂಟಿಕೊಳ್ಳುತ್ತದೆ. ಬೀದರ್ ಕಡೆ ಡಿಸೆಂಬರ್ ಚಳಿಗೆ ಶೇಗಡಿಯನ್ನು ಮಲಗುವ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳುವವರನ್ನು ನಾನೇ ನೋಡಿದ್ದೇನೆ, ಕೈ ಮುಗಿದು ಬೇಡವೆಂದು ಹೇಳಿದ್ದೇನೆ. ಕಮಾಡೊ ಕೂಡ ಬಯಲಿನ ಒಲೆ. ತಗಡು ಮುಚ್ಚಿದ ಪಡಸಾಲೆಯಾಗಲಿ, ಗಾಜು ಹಾಕಿದ ಬಾಲ್ಕನಿಯಾಗಲಿ ಅದಕ್ಕೆ ಜಾಗವಲ್ಲ.

ನಿಧಾನದ ಅಡುಗೆಯಲ್ಲಿ ಕೆಂಡಕ್ಕೂ ಆಹಾರಕ್ಕೂ ನಡುವೆ ತಾಪ ತಡೆಯುವ ಒಂದು ಸೆರಾಮಿಕ್ ತಟ್ಟೆ ಇರುತ್ತದೆ. ನಮ್ಮದು ಸಾಗಣೆಯಲ್ಲಿ ಒಡೆದು ಬಂದಿತ್ತು. ಶಹಾಬಾದ್ ಕಲ್ಲಿನ ಒಂದು ತುಂಡನ್ನು ದುಂಡಗೆ ಕತ್ತರಿಸಿಕೊಡುತ್ತೇನೆ, ಪುಕ್ಕಟೆಯಾಗಿ ಆಗುತ್ತದೆ ಎಂದು ನಮ್ಮ ಗೌಂಡಿ ಹೇಳಿದ. ನಮ್ಮ ಮಾಳಿಗೆಗೂ ಅದೇ ಪರಸಿ ಹಾಸಿದೆ. ಒಮ್ಮೆ ಚಿಮಟಾದಿಂದ ಜಾರಿದ ಕೆಂಡವೊಂದು ಆ ಪರಸಿಯ ಮೇಲೆ ಬಿದ್ದಾಗ ಐದು ನಿಮಿಷದೊಳಗೆ ಟಪ್ಪೆಂದು ನಾಲ್ಕಾಣೆಯಗಲದ ಚಕ್ಕೆ ಎದ್ದದ್ದನ್ನು ನಾನು ಕಂಡಿದ್ದೆ. ಅದು ಪದರು ಪದರಾದ ಸುಣ್ಣದಕಲ್ಲು, ನೆಲಕ್ಕೆ ಅದರಂಥದ್ದಿಲ್ಲ, ಬೆಂಕಿಯ ಮೇಲೆ ಮಾತ್ರ ಅದನ್ನು ಇಡಬಾರದು. ಒಲೆಗೆಂದೇ ಮಾಡಿದ ತಟ್ಟೆಯನ್ನು ತರಿಸಿದೆ. ಒಲೆಯ ಕೆಳಗೆ ಈಗ ಭಟ್ಟಿಯ ಇಟ್ಟಿಗೆಗಳ ಕಟ್ಟೆ ಇದೆ.

ಈ ತಟ್ಟೆಯ ಮೇಲೆ, 120 ಡಿಗ್ರಿಯಲ್ಲಿ, ಈಗ ಮುಂಗಾಲು ಆರು ಗಂಟೆಯಲ್ಲಿ ನಾನು ಮೊದಲ ದಿನ ಬಯಸಿದಂತೆಯೇ ಬೇಯುತ್ತದೆ. ಒಳಗಿನ ತಾಪ 92–93 ಬಂದಾಗ ಎಲುಬನ್ನು ತಿರುವಿದರೆ ಅದು ತಾನಾಗಿ ಸಡಿಲಗೊಳ್ಳುತ್ತದೆ. ಒಳಗೆ ಗಾಳಿಯ ಓಡಾಟ ಕಡಿಮೆ ಇರುವುದರಿಂದ ಮಾಂಸದ ರಸ ಆರಿಹೋಗುವುದಿಲ್ಲ. ಕೋಳಿಗೆ 180 ಡಿಗ್ರಿ ಇಡುತ್ತೇನೆ, ಒಳಗೆ 74 ದಾಟದೆ ತೆಗೆಯುವುದಿಲ್ಲ. ಮನೆಯಲ್ಲಿ ಮಾಂಸ ತಿನ್ನದವರಿಗೆ ತಟ್ಟೆ ತೆಗೆದು ನೇರ ಕೆಂಡದ ಮೇಲೆ ಮುಳ್ಳುಬದನೆ, ಈರುಳ್ಳಿ, ಹಸಿಮೆಣಸಿನಕಾಯಿ. ಸಿಪ್ಪೆ ಕರಕಾಗಿ ಒಳಗೆ ಬೆಣ್ಣೆಯಂತಾದ ಬದನೆಕಾಯಿಯನ್ನು ಶೇಂಗಾ ಪುಡಿಯೊಂದಿಗೆ ಹಿಸುಕಿ ಖಡಕ್ ರೊಟ್ಟಿಗೆ ಹಚ್ಚಿಕೊಂಡರೆ ಬೇರೆ ಪಲ್ಯ ಬೇಕಾಗುವುದಿಲ್ಲ. ಎಳ್ಳ ಅಮವಾಸ್ಯೆಯ ನಂತರ ಹೊಲದಿಂದ ಎಳೆಯ ಜೋಳದ ತೆನೆ ತಂದು ಸೀತನಿಯನ್ನೂ ಇದರಲ್ಲಿ ಸುಟ್ಟು ನೋಡಿದೆ. ಕಾಳು ಚೆನ್ನಾಗಿಯೇ ಬೆಂದಿತು, ಹಾಲು ಆರಲಿಲ್ಲ. ಆದರೆ ಹೊಲದ ಗುಂಡಿಯಲ್ಲಿ ಕುಳ್ಳಿನ ಕೆಂಡಕ್ಕೆ ಹುಗಿದು ಸುಟ್ಟ ತೆನೆಗೆ ಬರುವ ಆ ಕಂಪು ಬರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಅಡುಗೆ ಮುಗಿದ ಮೇಲೆ ಎರಡೂ ಕಿಂಡಿಗಳನ್ನು ಪೂರ್ತಿ ಮುಚ್ಚಿಬಿಟ್ಟರೆ ಬೆಂಕಿ ಗಾಳಿಯಿಲ್ಲದೆ ತಾನಾಗಿ ನಂದುತ್ತದೆ, ಗೋಡೆ ತಣಿಯಲು ಮಾತ್ರ ರಾತ್ರಿಯೆಲ್ಲ ಬೇಕು. ಬೆಳಿಗ್ಗೆ ತೆರೆದಾಗ ಇದ್ದಿಲು ಬೂದಿಯಾಗಿದ್ದರೆ ಎಲ್ಲೋ ಗಾಳಿ ನುಸುಳುತ್ತಿದೆ ಎಂದರ್ಥ, ಹೆಚ್ಚಾಗಿ ಫೆಲ್ಟ್ ಪಟ್ಟಿ ಸವೆದಿರುತ್ತದೆ. ಹತ್ತು ರೂಪಾಯಿಯ ನೋಟನ್ನು ಅಂಚಿನಲ್ಲಿಟ್ಟು ಮುಚ್ಚಳ ಹಾಕಿ ಎಳೆದರೆ ಅದು ಬಿಗಿಯಾಗಿ ಹಿಡಿದುಕೊಳ್ಳಬೇಕು; ಸುತ್ತಲೂ ಎಂಟು ಹತ್ತು ಕಡೆ ಹೀಗೆ ನೋಡಿದರೆ ಸಡಿಲವಾದ ಜಾಗ ಸಿಗುತ್ತದೆ. ಮೊನ್ನೆ ನೋಡಿದಾಗ ನಮ್ಮ ಒಲೆಯ ಹಿಂಬದಿಯಲ್ಲಿ, ತಿರುಗಣಿಯ ಎಡಕ್ಕೆ ಒಂದು ಗೇಣಿನಷ್ಟು ಉದ್ದ ನೋಟು ಸರಾಗವಾಗಿ ಜಾರಿ ಬಂತು. ಹೊಸ ಪಟ್ಟಿ ತರಿಸಿದ್ದೇನೆ, ಹಳೆಯದನ್ನು ಕೆರೆದು ತೆಗೆದು ಅಂಟಿಸಬೇಕು.

ಉಳಿದ ಇದ್ದಿಲನ್ನು ಎಸೆಯುವಂತಿಲ್ಲ. ಕಬ್ಬಿಣದ ಕೊಕ್ಕೆಯಿಂದ ಅಲುಗಾಡಿಸಿ ಬೂದಿ ಉದುರಿಸಿದರೆ ಅದು ಹೊಸದಕ್ಕಿಂತ ಬೇಗ ಹೊತ್ತುತ್ತದೆ, ಹೊಗೆಯೂ ಕಡಿಮೆ. ಮೇಲೆ ಒಂದಿಷ್ಟು ಹೊಸ ಇದ್ದಿಲು ಸೇರಿಸಿದರೆ ಸಾಕು. ಬೂದಿಯೊಳಗೆ ಮರುದಿನವೂ ಜೀವಂತ ಕೆಂಡ ಅಡಗಿರಬಹುದಾದ್ದರಿಂದ ಅದನ್ನು ಪ್ಲಾಸ್ಟಿಕ್ ಬುಟ್ಟಿಗೆ ಹಾಕದೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಎರಡು ದಿನ ಇಟ್ಟಿರುತ್ತೇನೆ. ಕುಂಡದ ಗಿಡಗಳಿಗೆ ಹಾಕಲೇ ಎಂದು ಮಗಳು ಕೇಳುತ್ತಾಳೆ. ನಮ್ಮ ಕುಂಡಗಳಲ್ಲಿರುವುದು ಹೊಲದಿಂದ ತಂದ ಎರೆಮಣ್ಣು, ಅದು ಮೊದಲೇ ಕ್ಷಾರ, ಬೂದಿ ಸೇರಿದರೆ ಇನ್ನಷ್ಟು ಕ್ಷಾರವಾಗುತ್ತದೆ. ಜರಡಿ ಹಿಡಿದ ಆ ಬೂದಿ ಹಿತ್ತಾಳೆಯ ಹಂಡೆ ತಿಕ್ಕಲು ಹೋಗುತ್ತದೆ.